ತಾಲೀಮಿನ ಅಮ್ಮ

ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಮಾಡಿ ಇಡುವಾಗ ನಡುವೆ ಎಷ್ಟು ಜಾಗ ಬಿಡಬೇಕೆಂಬುದು ಆರು ವರ್ಷಗಳಿಂದ ಆಕೆಯ ಕೈಗೆ ಗೊತ್ತಿದ್ದ ಸಂಗತಿ. ಇವತ್ತು ಮಾತ್ರ ಕೈ ಅನುಮಾನಿಸಿತು. ಒಂದು ಗೇಣು ಬಿಟ್ಟು ಇಟ್ಟಳು. ತೀರಾ ಹತ್ತಿರವಾಯಿತೆನ್ನಿಸಿ ಸರಿಸಿದಳು. ಪರಕೀಯರ ಹಾಗೆ ಕಾಣುತ್ತದೆ ಎನ್ನಿಸಿ ಮತ್ತೆ ಎಳೆದಳು. ಕುರ್ಚಿಯ ಕಾಲು ನೆಲಕ್ಕುಜ್ಜಿ ಕಿರ್ರೆಂದಾಗ ಪಕ್ಕದ ಕೋಣೆಯಿಂದ ಗೋಡೆ ತಟ್ಟಿದ ಸದ್ದು ಬಂತು. “ಏನಮ್ಮಾ, ಮನೆ ಖಾಲಿ ಮಾಡ್ತಾ ಇದ್ದೀಯೋ, ಸಾಮಾನು ತಂದು ಇಳಿಸ್ತಾ ಇದ್ದೀಯೋ?” ಕೂಗಿದವನು ನಿವೃತ್ತ ಪೋಸ್ಟ್‌ಮ್ಯಾನ್, ಆಕೆ ಮನಸ್ಸಿನಲ್ಲೇ ಅಂಚೆಯಣ್ಣ ಎಂದು ಹೆಸರಿಟ್ಟಿದ್ದಳು. ಅವನು ಆಡಿದ್ದು ಈ ದೇಶದ ಮಾತು. ಆದರೆ ಇಪ್ಪತ್ತೊಂದು ವರ್ಷ ಇಲ್ಲಿ ಕಳೆದ ಮೇಲೆ ಯಾರು ಏನಾಡಿದರೂ ಆಕೆಯ ಕಿವಿಯೊಳಗೆ ಇಳಿಯುವಷ್ಟರಲ್ಲಿ ಅದು ಮನೆಮಾತೇ ಆಗಿರುತ್ತಿತ್ತು. ಬೇರೆ ದಿನವಾಗಿದ್ದರೆ ಆಕೆಯೂ ಏನಾದರೊಂದು ತಿರುಗಿ ಅನ್ನುತ್ತಿದ್ದಳು. ಇವತ್ತು ಸುಮ್ಮನೆ ಗೋಡೆಯನ್ನು ಎರಡು ಸಲ ತಟ್ಟಿದಳು. ಗಂಟೆ ಹತ್ತೂಕಾಲು. ಹುಡುಗಿ ಬರುವುದು ಹನ್ನೊಂದಕ್ಕೆ.

ವಿಶ್ವವಿದ್ಯಾಲಯದ ನೆಲಮಾಳಿಗೆಯ ಈ ಕೋಣೆ ಮೊದಲು ಜೆರಾಕ್ಸ್ ಕೋಣೆಯಾಗಿತ್ತು. ಯಂತ್ರ ಹೋಗಿ ಎಷ್ಟೋ ವರ್ಷವಾದರೂ ಬಿಸಿ ಕಾಗದದ ವಾಸನೆ ಗೋಡೆಯಲ್ಲಿ ಉಳಿದುಬಿಟ್ಟಿತ್ತು. ಕಿಟಕಿ ತಲೆಗಿಂತ ಎತ್ತರದಲ್ಲಿ. ಹೊರಗಿನ ದಾರಿಯಲ್ಲಿ ಹೋಗುವವರ ಮೊಣಕಾಲಿನಿಂದ ಕೆಳಗೆ ಮಾತ್ರ ಕಾಣುತ್ತಿತ್ತು. ಹೊರದೇಶಗಳಿಂದ ಇಲ್ಲಿಗೆ ಓದಲು ಬರುವ ಮಕ್ಕಳು ದಪ್ಪ ದಪ್ಪ ಪುಸ್ತಕ ಅರಗಿಸಿಕೊಳ್ಳಬಲ್ಲವರು, ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯಬಲ್ಲವರು. ಫೋನು ಕೈಗೆ ಕೊಟ್ಟು ದವಾಖಾನೆಗೆ ಮಾತಾಡು ಎಂದರೆ ಬೆವರಿಬಿಡುತ್ತಾರೆ. ಎದುರಿಗೆ ಮನುಷ್ಯರಿದ್ದರೆ ಕೈಯಿದೆ, ಕಣ್ಣಿದೆ, ಏನೂ ತೋಚದಿದ್ದರೆ ಒಂದು ನಗುವಿದೆ. ಫೋನಿನಲ್ಲಿ ಬರೀ ಮಾತು. ಅದಕ್ಕೇ ಈ ತಾಲೀಮು. ವಾರಕ್ಕೆರಡು ದಿನ ಆಕೆ, ಅಂಚೆಯಣ್ಣ, ಇನ್ನೂ ಮೂವರು ಸ್ವಯಂಸೇವಕರು ಬಂದು ಮಕ್ಕಳ ಬೆನ್ನಿಗೆ ಬೆನ್ನು ಹಾಕಿ ಕೂತು ಮನೆ ಮಾಲೀಕರಾಗುತ್ತಾರೆ, ಬ್ಯಾಂಕಿನವರಾಗುತ್ತಾರೆ, ದವಾಖಾನೆಯ ಗುಮಾಸ್ತರಾಗುತ್ತಾರೆ. ಅಂಚೆಯಣ್ಣ ಮಾಲೀಕನಾದರೆ ಇಡೀ ನೆಲಮಾಳಿಗೆಗೆ ಕೇಳುತ್ತದೆ. ನಲವತ್ತು ವರ್ಷ ಎಲ್ಲರ ಮನೆ ಬಾಗಿಲಲ್ಲಿ ನಿಂತವನು ಕೊನೆಗೆ ಒಳಗಿನಿಂದ ಬಾಗಿಲು ತೆಗೆಯುವ ಸುಖ ಕಂಡಿದ್ದ.

ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿತ್ತು. ಯಾರಾಗಿ ಮಾತಾಡಬಹುದು, ಯಾರಾಗಿ ಮಾತಾಡಬಾರದು ಎಂದು ಎರಡು ಭಾಗ. ಆಗಬಾರದವರ ಕಡೆ ಎರಡೇ ಸಾಲು: ಮನೆಯವರು, ಪ್ರೀತಿಸಿದವರು. ಆ ಹಾಳೆಗೆ ಗೋಂದು ಹಚ್ಚಿದವಳು ಆಕೆಯೇ. ಈಗ ಅದರ ಕಡೆಗೆ ಬೆನ್ನು ಮಾಡಿ ನಿಂತಿದ್ದಳು.

ಬೆಳಗ್ಗೆ ಗಂಡ ತಿಂಡಿ ತಿನ್ನುತ್ತಾ ಕೇಳಿದ್ದ, “ಇವತ್ತು ಯಾರ ವೇಷ? ಡಾಕ್ಟರದೋ, ಬ್ಯಾಂಕಿನೋರದೋ?” ಆಕೆ ನಲ್ಲಿ ತಿರುಗಿಸಿ ಬಾಣಲೆ ತೊಳೆಯತೊಡಗಿದಳು. “ಊರವರಿಗೆಲ್ಲ ತಾಲೀಮು ಕೊಡ್ತೀಯ. ಮನೇಲೂ ಒಂದು ದಿನ ಹೆಂಡ್ತಿ ಆಗಿ ಪ್ರಾಕ್ಟೀಸ್ ಮಾಡು ಮಾರಾಯ್ತಿ, ಕಾಫಿಗೆ ಸಕ್ಕರೆನೇ ಹಾಕಿಲ್ಲ.” ಆಕೆ ಸಕ್ಕರೆ ಡಬ್ಬಿಯನ್ನೇ ತಂದು ಅವನ ಮುಂದಿಟ್ಟು ಮೇಲಂಗಿ ತೊಟ್ಟಳು. ಅವನು ಒಳ್ಳೆಯ ಮನುಷ್ಯ. ಅದು ಇನ್ನೊಂದು ಕಷ್ಟ. ಕೆಟ್ಟವನಾಗಿದ್ದರೆ ಎರಡು ವರ್ಷದ ಹಿಂದಿನ ಆ ಮಧ್ಯಾಹ್ನದ ತಪ್ಪಿನಲ್ಲಿ ಅರ್ಧ ಪಾಲು ಅವನ ತಟ್ಟೆಗೂ ಬಡಿಸಬಹುದಿತ್ತು.

ಬೆನ್ನಿಗೆ ಬೆನ್ನು ಹಾಕಿ ಕೂರುವ ಉಪಾಯ ಎಲ್ಲಿ ಕಲಿತಿರಿ ಎಂದು ಈ ತಾಲೀಮು ನಡೆಸುವ ಸಂಯೋಜಕಿ ಹಿಂದೊಮ್ಮೆ ಕೇಳಿದಾಗ ಆಕೆ ‘ಹೀಗೇ ತೋಚಿತು’ ಎಂದಿದ್ದಳು. ತೋಚಿದ್ದಲ್ಲ. ಅದು ಎರಡು ರೂಮಿನ ಬಾಡಿಗೆ ಮನೆಯ ಅಡುಗೆಕೋಣೆಯ ನೆಲದಿಂದ ಬಂದದ್ದು. ಈ ದೇಶಕ್ಕೆ ಬಂದು ವರ್ಷವಾಗಿರಲಿಲ್ಲ, ಗಂಡ ಕೆಲಸಕ್ಕೆ ಹೋಗಿದ್ದ, ನಾಲ್ಕು ವರ್ಷದ ಮಗಳಿಗೆ ಮೈ ಕೆಂಡದ ಹಾಗೆ ಸುಡುತ್ತಿತ್ತು. ದವಾಖಾನೆಗೆ ಫೋನು ಮಾಡಿದರೆ ಆ ಕಡೆಯ ಹೆಂಗಸು ಏನೋ ಸರಸರ ಹೇಳಿದಳು. ಮತ್ತೊಮ್ಮೆ ಹೇಳಿ ಎನ್ನುವುದನ್ನೂ ಹೇಗೆ ಹೇಳಬೇಕೆಂದು ತಿಳಿಯದೆ ಆಕೆ ರಿಸೀವರ್ ಇಟ್ಟುಬಿಟ್ಟಳು. ಮಗುವನ್ನು ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ನಡೆದೇ ಹೋದಳು. ಜ್ವರ ಇಳಿದ ಮೇಲೆ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ವಾಕ್ಯಗಳನ್ನು ಬರೆದುಕೊಂಡು, ಅಡುಗೆಕೋಣೆಯಲ್ಲಿ ಮಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿಕೊಂಡು ತಾಲೀಮು ಶುರುಮಾಡಿದಳು. ಆಕೆಯ ಕೈಯಲ್ಲಿ ಲಟ್ಟಣಿಗೆ, ಮಗಳ ಕೈಯಲ್ಲಿ ಸೌಟು. “ಹಲೋ, ದವಾಖಾನೆನಾ? ನನ್ನ ಮಗಳಿಗೆ ಜ್ವರ.” ಆ ಕಡೆಯಿಂದ ಸೌಟು ಕಿವಿಗಿಟ್ಟುಕೊಂಡ ಗುಮಾಸ್ತೆ ರಾಗವೆಳೆಯುತ್ತಿದ್ದಳು, “ಬನ್ನಿ ಬನ್ನೀ, ಡಾಕ್ಟರು ನಿಮಗೋಸ್ಕರಾನೇ ಕಾಯ್ತಾ ಇದಾರೆ!” ಹಾಗೆ ಹೇಳಬಾರದು ಪುಟ್ಟಿ, ಅವರು ಹಾಗನ್ನಲ್ಲ, ಹೆಸರು ಕೇಳ್ತಾರೆ, ಮುಂದಿನ ವಾರ ಬಾ ಅಂತಾರೆ, ನೀನು ಸ್ವಲ್ಪ ಗದರಿಸಬೇಕು ಎಂದು ಆಕೆ ಎಷ್ಟು ಹೇಳಿಕೊಟ್ಟರೂ ಮಗುವಿಗೆ ಗದರಿಸಲು ಬರುತ್ತಿರಲಿಲ್ಲ. ಮಗಳ ಪುಟ್ಟ ಬೆನ್ನುಮೂಳೆ ತನ್ನ ಸೊಂಟದ ಹತ್ತಿರ ತಗುಲಿಕೊಂಡು ನಗುವಿಗೆ ಕುಲುಕುತ್ತಿದ್ದುದು, ಸೀರೆಯ ಒಳಗಿನಿಂದ ಆ ಬಿಸಿ, ಒಲೆಯ ಮೇಲೆ ಅನ್ನ ಕುದಿಯುವ ಸದ್ದು. ಅಂಥ ದಿನಗಳನ್ನು ಬದುಕುತ್ತಿರುವಾಗ ಒಂದು ಸಲವೂ ಇವು ಒಳ್ಳೆಯ ದಿನಗಳು ಅನ್ನಿಸಿರಲಿಲ್ಲ. ಊರು ಬಿಟ್ಟ ಕೊರಗು, ಭಾಷೆ ಬಾರದ ಅವಮಾನ, ಯಾವಾಗ ಮುಗಿದೀತೋ ಅನ್ನುವುದೇ ಜಪವಾಗಿತ್ತು. ಈಗ ಯಾರಾದರೂ ಆ ಅಡುಗೆಕೋಣೆಯ ನೆಲದ ಮೇಲೆ ಕಾಲು ಗಂಟೆ ಕೂರಲು ಬಿಟ್ಟರೆ...

ಬಾಗಿಲು ತೆರೆದು ಸಂಯೋಜಕಿ ಬಂದಳು. ಮೂವತ್ತು ದಾಟಿರದ ಹೆಣ್ಣು, ಕೊರಳಲ್ಲಿ ಬೀಗದ ಕೈಗಳ ಗೊಂಚಲು, ನಡೆದರೆ ಹಸುವಿನ ಗಂಟೆಯ ಹಾಗೆ ಮೊದಲೇ ಗೊತ್ತಾಗುತ್ತಿತ್ತು. ಇವತ್ತು ಗೊತ್ತಾಗಿರಲಿಲ್ಲ. “ಹುಡುಗಿ ಬರ್ತಾಳೆ ಅಂತ ಅವಳ ರೂಮಿನವಳು ಹೇಳಿದ್ಲು,” ಎಂದಳು. “ಸೋಮವಾರ ನಾನು ಫೋನ್ ಮಾಡ್ದಾಗ ನೀವು ಬ್ಯಾಂಕಿನ ತಾಲೀಮು ಅಂದ್ರಿ. ಬ್ಯಾಂಕಿನ ತಾಲೀಮು ಆದ್ಮೇಲೆ ಯಾರಾದ್ರೂ ಆರು ದಿನ ಹಾಸಿಗೆ ಬಿಟ್ಟು ಏಳಲ್ವಾ?”

ಸೋಮವಾರ ಆ ಸುಳ್ಳು ನಾಲಿಗೆಯಿಂದ ಎಷ್ಟು ಸಲೀಸಾಗಿ ಜಾರಿತ್ತು. ಐವತ್ತೆರಡು ವರ್ಷದ ಹೆಂಗಸು, ಹೋಮ್‌ವರ್ಕ್ ಮನೆಯಲ್ಲಿ ಮರೆತುಬಂದೆ ಅನ್ನುವ ಮಗುವಿನ ಹಾಗೆ.

“ಬ್ಯಾಂಕಲ್ಲ,” ಎಂದಳು. “ಅಮ್ಮ.”

ಸಂಯೋಜಕಿ ಬೈಯಲಿಲ್ಲ. ಗೋಡೆಯ ಹಾಳೆಯ ಕಡೆ ಒಮ್ಮೆ ನೋಡಿದಳು, ಅಷ್ಟೇ. ತನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳಷ್ಟೇ, ಅವಳ ಮುಂದೆ ತಲೆ ತಗ್ಗಿಸಿ ನಿಂತಾಗ ಆಕೆಗೆ ತನ್ನ ಬೂಟಿನ ಲೇಸು ಬಿಚ್ಚಿಕೊಂಡಿರುವುದು ಕಾಣಿಸಿತು. ಬಗ್ಗಿ ಕಟ್ಟಿಕೊಳ್ಳಲು ನಾಚಿಕೆಯಾಯಿತು.

“ನಾನೂ ಜೊತೆಗೆ ಕೂರಲಾ?”

“ಬೇಡ. ಅವಳು ನನ್ನನ್ನೇ ಕೇಳಿದಾಳಂತಲ್ಲ.”

“ಹಾಗಾದ್ರೆ ಒಂದು ಮಾತು. ಇವತ್ತು ಯಾರಾಗೂ ಮಾತಾಡ್ಬೇಡಿ. ನೀವಾಗೇ ಮಾತಾಡಿ.” ಹೋಗುವಾಗ ಸಂಯೋಜಕಿ ತಾನೇ ಎರಡು ಕುರ್ಚಿಗಳನ್ನೂ ತಿರುಗಿಸಿ ಎದುರುಬದುರು ಇಟ್ಟು ಹೋದಳು. ಎದುರುಬದುರಾದ ಕುರ್ಚಿಗಳು ವಿಚಾರಣೆಗೆ ಅಣಿಯಾದ ಹಾಗೆ ಕಂಡವು.

ಆ ಹುಡುಗಿ ಆಕೆಯ ಭಾಷೆಯವಳೇ. ಇಡೀ ವಿಶ್ವವಿದ್ಯಾಲಯದಲ್ಲಿ ಆ ಮಾತಾಡುವವರು ನಾಲ್ಕೋ ಐದೋ ಮಂದಿ. ಹೋದ ವರ್ಷ ಮೊದಲ ಸಲ ಬಂದಾಗ ತಪ್ಪುತಪ್ಪಾಗಿ ಈ ದೇಶದ ಮಾತಲ್ಲಿ ನಮಸ್ಕಾರ ಹೇಳಿ, ಕೈ ಜಾರಿ ನೀರಿನ ಬಾಟಲಿ ಬಿದ್ದಾಗ “ಅಯ್ಯಯ್ಯೋ” ಎಂದಿದ್ದಳು. ಆ ಒಂದು ಅಯ್ಯಯ್ಯೋಗೆ ಆಕೆಯ ಜೀವ ಹಿಗ್ಗಿತ್ತು. ಹುಡುಗಿ ಬಡಬಡ ಮಾತಿನವಳು. ಬ್ಯಾಂಕಿನವರ ಜೊತೆ ತಾಲೀಮು ಮಾಡುವಾಗಲೂ ನಡುವೆ “ಸರ್, ನಿಮಗೆ ನೆಗಡಿಯಾ?” ಎಂದು ಕೇಳುವಷ್ಟು ತಲೆಹರಟೆ. ಹೋದ ಗುರುವಾರ ಮಾತ್ರ ಬಂದವಳು ಬ್ಯಾಗನ್ನು ತೊಡೆಯ ಮೇಲಿಂದ ಇಳಿಸದೆ ಕೂತಳು.

“ಆಂಟಿ, ಇವತ್ತು ಬ್ಯಾಂಕು ಬೇಡ.”

“ಮತ್ತೆ? ಮನೆ ಮಾಲೀಕನಾ? ಅದಕ್ಕೆ ಪಕ್ಕದ ಕೋಣೆಯವರೇ ಸರಿ. ನನ್ನ ಬೈಗುಳಕ್ಕೆ ಮೊನೆ ಇಲ್ಲ.”

ಹುಡುಗಿ ನಗಲಿಲ್ಲ. “ನಮ್ಮಮ್ಮ ಆಗ್ತೀರಾ?”

ಆಗ ಹಾಳೆಯ ಕಡೆ ಬೆರಳು ತೋರಿಸಬೇಕಿತ್ತು. ಮೇಲಿನ ಮಹಡಿಯಲ್ಲಿ ಇಂಥದಕ್ಕೆಂದೇ ಕಲಿತು ಕೂತ ಆಪ್ತಸಮಾಲೋಚಕರಿದ್ದಾರೆ, ಅಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು. ಬದಲಿಗೆ ಆಕೆ, ಯಾರೋ ಬಹಳ ದಿನದಿಂದ ಬಾಕಿಯಿದ್ದ ಊಟಕ್ಕೆ ಕರೆದರೆ ಎದ್ದುಹೋಗುವವಳ ಹಾಗೆ, ಹೋಗಿ ಕುರ್ಚಿಯಲ್ಲಿ ಕೂತು ಬೆನ್ನು ತಿರುಗಿಸಿದಳು. “ಹಲೋ, ಯಾರು?”

“ನಾನಮ್ಮ.” ಬ್ಯಾಗಿನ ಜಿಪ್ಪು ಹಿಂದೆ ಮುಂದೆ ಎಳೆಯುವ ಸದ್ದು. “ಅಮ್ಮಾ, ನಾನು ಫೇಲಾದೆ. ಒಂದು ಸಬ್ಜೆಕ್ಟಲ್ಲ. ಈ ವರ್ಷ ಪೂರ್ತಿ ಮತ್ತೆ ಓದ್ಬೇಕಂತೆ. ನಾಲ್ಕು ತಿಂಗಳಿಂದ ಎಲ್ಲಾ ಚೆನ್ನಾಗಿದೆ ಚೆನ್ನಾಗಿದೆ ಅಂತ ನಿಂಗೆ ಸುಳ್ಳು ಹೇಳ್ತಾ ಬಂದೆ.”

“ಅಯ್ಯೋ ನನ್ನ ಕಂದಾ,” ಎಂದಿತು ಆಕೆಯ ಬಾಯಿ. “ಇಷ್ಟು ದಿನ ಒಬ್ಬಳೇ ಹೊತ್ಕೊಂಡು ತಿರುಗಿದ್ಯಾ? ಹೋದ್ರೆ ಒಂದು ವರ್ಷ ಹೋಯ್ತು, ನೀನಿದ್ದೀಯಲ್ಲ. ಮೊದ್ಲು ಹೊಟ್ಟೆಗೆ ಏನಾದ್ರೂ ತಿನ್ನು. ಮಲಗಿ ನಿದ್ದೆ ಮಾಡು. ಮಿಕ್ಕಿದ್ದು ನಾಳೆ ನೋಡೋಣ. ನಾನಿದ್ದೀನಿ.” ಒಂದು ಪದಕ್ಕೂ ತಡಕಾಡಲಿಲ್ಲ. ತಡಕಾಡುವುದೇಕೆ, ಎರಡು ವರ್ಷದಿಂದ ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಬಸ್ಸಿಗೆ ಕಾಯುವಾಗ ನೂರು ಸಲ ಹೇಳಿಕೊಂಡು ಬಾಯಿಪಾಠವಾದ ಮಾತು ಅದು. ಹೇಳಬೇಕಾದವರಿಗೆ ಹೇಳಿರಲಿಲ್ಲ, ಅಷ್ಟೇ.

ಹುಡುಗಿ ಅತ್ತು, ಮೂಗು ಒರೆಸಿಕೊಂಡು, ನಕ್ಕು, “ಇಷ್ಟೇನಾ ಆಂಟಿ? ಇಷ್ಟಕ್ಕೆ ನಾಲ್ಕು ತಿಂಗಳು ಸತ್ತೆನಾ? ಇವತ್ತೇ ಮಾಡಿಬಿಡ್ತೀನಿ,” ಎಂದು ಆಕೆಯನ್ನು ತಬ್ಬಿಕೊಂಡು ಓಡಿದಳು. ಆಕೆ ರಿಜಿಸ್ಟರಿನಲ್ಲಿ ‘ಬ್ಯಾಂಕು’ ಎಂದು ಬರೆದು ಸಹಿ ಹಾಕಿದಳು. ಆ ದಿನ ಬಸ್ಸು ಹತ್ತುವುದನ್ನೂ ಮರೆತು ಮನೆಯವರೆಗೆ ನಡೆದೇ ಹೋದಳು. “ಏನು, ಮುಖ ದೀಪ ಹಚ್ಚಿದ ಹಾಗಿದೆ?” ಎಂದು ಗಂಡ ಕೇಳಿದ. ಅದೇ ಆಕೆಯನ್ನು ಈಗ ಸುಡುತ್ತಿದ್ದುದು. ಆ ಸಂಜೆ, ಅಲ್ಲೆಲ್ಲೋ ಒಂದು ಕೋಣೆಯಲ್ಲಿ ಹುಡುಗಿ ಫೋನು ಹಿಡಿದು ಕೂತಿರುವಾಗ, ತಾನು ಸುಖವಾಗಿದ್ದಳು.

ಆ ಇನ್ನೊಂದು ಫೋನು ಬಂದದ್ದು ಎರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ. ಮಗಳು ರೈಲಿನಲ್ಲಿ ಆರು ಗಂಟೆ ದೂರದ ಊರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಮೂರು ವರ್ಷ ಮುಗಿದಿತ್ತು. ಕುಕ್ಕರು ಎರಡನೆಯ ಸೀಟಿ ಹಾಕಿತ್ತು. “ಅಮ್ಮ, ನಾನು ಕಾಲೇಜು ಬಿಟ್ಟೆ. ಆಗ್ತಾ ಇಲ್ಲ ನನ್ನ ಕೈಲಿ. ಹೋದ ತಿಂಗಳೇ ಬಿಟ್ಟೆ.” ಆಕೆ ಒಲೆ ಆರಿಸಲಿಲ್ಲ, ಕೂರಲಿಲ್ಲ, ಹೇಗಿದ್ದೀಯ ಎಂದು ಕೇಳಲಿಲ್ಲ. “ನಿಮ್ಮಪ್ಪನಿಗೆ ಏನಂತ ಹೇಳಲಿ?” ಎಂದಳು. ಮೂರನೆಯ ಸೀಟಿ ಕೂಗಿತು. ಅದು ನಿಂತಿತು. ಆಮೇಲೆ ಮಗಳು ತುಂಬಾ ಮೆತ್ತಗೆ, “ಏನೂ ಹೇಳ್ಬೇಡ ಬಿಡು,” ಎಂದು ಇಟ್ಟುಬಿಟ್ಟಳು. ಸಂಜೆ ಗಂಡ ಬಂದ ಮೇಲೆ, ಬೆಟ್ಟ ತಲೆಯ ಮೇಲೆ ಬೀಳುವುದನ್ನು ಕಾಯುವವಳ ಹಾಗೆ ಗೋಡೆಗೊರಗಿ ನಿಂತು ಹೇಳಿದರೆ, ಅವನು ಉಗುರು ಕತ್ತರಿಸುತ್ತಿದ್ದವನು ತಲೆಯೆತ್ತಿ, “ಹೌದಾ? ಊಟಗೀಟ ಸರಿಯಾಗಿ ಮಾಡ್ತಾಳಂತಾ?” ಎಂದು ಕೇಳಿ, ಕಿರುಬೆರಳಿಗೆ ಬಂದ. ಅಷ್ಟೇ. ಬೆಟ್ಟವೂ ಇಲ್ಲ, ಬಂಡೆಯೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಆಕೆಯ ತಾಯಿ ಹೇಳುತ್ತಿದ್ದುದುಂಟು. ತಾಯಿ ಅದನ್ನು ಹೇಳುತ್ತಿದ್ದುದು ಇನ್ನೊಬ್ಬರ ವಿಷಯದಲ್ಲಿ, ಗೆಲುವಿನ ದನಿಯಲ್ಲಿ.

ಮಗಳು ಮುನಿಸಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಒಂದು ಮಕ್ಕಳ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಾಳೆ. ಹೇಗಿದ್ದೀಯಮ್ಮ, ಮಂಡಿ ನೋವು ಹೇಗಿದೆ, ಚಳಿ ಜಾಸ್ತಿಯಾ, ಸರಿ ಹಾಗಾದ್ರೆ. ಬ್ಯಾಂಕಿನವರ ಜೊತೆ ತಾಲೀಮು ಮಾಡಿ ಕಲಿತ ಹಾಗೆ ಅಚ್ಚುಕಟ್ಟಾದ ವಾಕ್ಯಗಳು, ಒಂದೂ ತಪ್ಪಿಲ್ಲ. ಸೌಟು ಹಿಡಿದು ರಾಗವೆಳೆದ ಆ ಗುಮಾಸ್ತೆ ಯಾವ ಭಾನುವಾರವೂ ಆ ಕಡೆಯಿಂದ ಮಾತಾಡಲಿಲ್ಲ.

ಕಿಟಕಿಯಾಚೆ ಬೂಟುಗಳು ಹೋಗುತ್ತಿದ್ದವು. ಪಾಠದ ಗಂಟೆ ಬದಲಾಗಿರಬೇಕು. ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಆರು ದಿನದಲ್ಲಿ ಮುಖ ಸಣ್ಣಗಾಗಿತ್ತು, ತಲೆ ಬಾಚಿರಲಿಲ್ಲ, ಸ್ವೆಟರು ತಿರುಗಾಮುರುಗಾ ತೊಟ್ಟು ಹೊಲಿಗೆ ಮೇಲೆ ಕಾಣುತ್ತಿತ್ತು. ಬಾಮ್ಮ ಎಂದು ಆಕೆ ಏಳುವಷ್ಟರಲ್ಲಿ ಹುಡುಗಿ ಎದುರಿನ ಕುರ್ಚಿಯನ್ನು ಎಳೆದು, ತಿರುಗಿಸಿ, ಬೆನ್ನು ಹಾಕಿ ಕೂತುಬಿಟ್ಟಳು. ಆಕೆಗೆ ಕಂಡದ್ದು ಅವಳ ಸಿಕ್ಕುಗಟ್ಟಿದ ಜಡೆ ಮಾತ್ರ. ಗೋಡೆಯಾಚೆ ಅಂಚೆಯಣ್ಣ ಯಾರಿಗೋ, “ನಿಮ್ಮ ಬೆಕ್ಕನ್ನೂ ಸೇರಿಸಿ ಎಷ್ಟು ಜನ ಇರ್ತೀರಿ?” ಎಂದು ಗದರುತ್ತಿದ್ದ. ಆಕೆ ತನ್ನ ಕುರ್ಚಿಯನ್ನೂ ತಿರುಗಿಸಿಕೊಂಡಳು.

“ನೀವು ಹೇಳ್ಕೊಟ್ಟ ಹಾಗೇ ಹೇಳ್ದೆ ಆಂಟಿ,” ಎಂದಳು ಹುಡುಗಿ. “ಒಂದಕ್ಷರ ಬಿಡಲಿಲ್ಲ. ನೀವು ಅಂದ ಹಾಗೆ ಅವ್ರು ಅನ್ಲಿಲ್ಲ.”

“ಬೈದ್ರಾ?”

“ಬೈದಿದ್ರೆ ನಾನೂ ಏನಾದ್ರೂ ಅಂತಿದ್ದೆ. ಊಟ ಆಯ್ತಾ ಅಂದ್ರು. ಆಯ್ತು ಅಂದೆ. ಆಮೇಲೆ ಸುಮ್ಮನಾದ್ರು. ಆಮೇಲೆ ಒಲೆ ಮೇಲೆ ಹಾಲಿದೆ, ಉಕ್ಕುತ್ತೆ, ಇಡ್ತೀನಿ ಅಂದ್ರು. ಇಟ್ರು. ಅಷ್ಟೇ. ಅವತ್ತಿಂದ ಅವ್ರೂ ಮಾಡಿಲ್ಲ, ನಾನೂ ಮಾಡಿಲ್ಲ.” ಕುರ್ಚಿ ಕಿರುಗುಟ್ಟಿತು. “ನಾನು ಕಾಯ್ತಾ ಇದ್ದೆ, ಗೊತ್ತಾ? ಈಗ ಕಂದಾ ಅಂತಾರೆ, ಈಗ ನಾನಿದ್ದೀನಿ ಅಂತಾರೆ ಅಂತ. ಅದನ್ನ ಕಾಯ್ತಾ ಇದ್ದಿದ್ದಕ್ಕೆ ಅವ್ರ ದನಿ ಹೇಗಿತ್ತು ಅಂತಾನೂ ನಂಗೆ ನೆನಪಿಲ್ಲ. ಅಳ್ತಾ ಇದ್ರೋ, ಸಿಟ್ಟಲ್ಲಿದ್ರೋ... ನಿಮ್ಮ ದನೀನೇ ಕಿವೀಲಿ ಇತ್ತು. ನಮ್ಮಮ್ಮ ಹೇಗೆ ಮಾತಾಡ್ತಾರೆ ಅಂತ ನಿಮಗೇನು ಗೊತ್ತು? ಯಾಕೆ ಹಾಗಂದ್ರಿ ನೀವು?”

ಬೆಳಗಿನಿಂದ ಆಕೆ ಇದಕ್ಕೆ ಏನೇನೋ ಸಿದ್ಧಮಾಡಿಕೊಂಡು ಬಂದಿದ್ದಳು. ಹೆತ್ತ ಕರುಳು ಎಂದು ಶುರುವಾಗುವ ಒಂದು ಮಾತು, ಕಾಲವೇ ಎಲ್ಲ ಸರಿಮಾಡುತ್ತದೆ ಎಂಬ ಇನ್ನೊಂದು. ಬಸ್ಸಿನಲ್ಲಿ ಕೂತು ಹೊಂದಿಸಿದಾಗ ಚೆನ್ನಾಗಿಯೇ ಕೇಳಿಸಿದ್ದವು. ಈಗ ಅವುಗಳಲ್ಲಿ ಯಾವುದೂ ಬಾಯಿಗೆ ಬರಲು ಒಪ್ಪಲಿಲ್ಲ. ಎದುರಿನ ಗೋಡೆಯಲ್ಲಿ ಸುಣ್ಣ ಉಬ್ಬಿ ಒಂದು ಬೊಕ್ಕೆಯಾಗಿತ್ತು. ಅದನ್ನೇ ನೋಡುತ್ತಾ ಹೇಳಿದಳು.

“ನಾನು ನಿಮ್ಮಮ್ಮ ಆಗಿ ಮಾತಾಡ್ಲಿಲ್ಲ ಪುಟ್ಟ. ನಿನ್ನ ಹತ್ರಾನೂ ಮಾತಾಡ್ಲಿಲ್ಲ. ನಂಗೊಬ್ಳು ಮಗಳಿದ್ದಾಳೆ. ಎರಡು ವರ್ಷದ ಹಿಂದೆ ಅವಳೂ ಹೀಗೇ ಫೋನ್ ಮಾಡಿ, ಓದು ಬಿಟ್ಟೆ ಅಂದ್ಲು. ಅವಳಿಗೆ ಹೇಳ್ಬೇಕಾಗಿದ್ದನ್ನ ನಿಂಗೆ ಹೇಳ್ದೆ. ಇನ್ನೊಬ್ಬರ ಅಳತೆಗೆ ಹೊಲಿದ ರವಿಕೆನ ನಿಂಗೆ ತೊಡಿಸಿ ಕಳಿಸ್ದೆ. ತಪ್ಪಾಯ್ತು.”

ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಎದ್ದು ಹೋಗುತ್ತಾಳೆ ಎಂದುಕೊಂಡಳು ಆಕೆ. ಹೋದರೂ ಸರಿಯೇ, ಹೋಗುವವಳನ್ನು ಕರೆಯುವ ಹಕ್ಕು ತನಗಿಲ್ಲ. ಆದರೆ ಹುಡುಗಿ ಹೋಗಲಿಲ್ಲ.

“ಅವಳಿಗೆ ನಿಜವಾಗಿ ಏನಂದಿದ್ರಿ?”

“ನಿಮ್ಮಪ್ಪನಿಗೆ ಏನಂತ ಹೇಳಲಿ ಅಂದೆ.”

“ಥೂ,” ಎಂದಳು ಹುಡುಗಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ ಹಾಗೆ, “ಸಾರಿ ಆಂಟಿ.”

“ಇರಲಿ. ನಾನೂ ಎಷ್ಟೋ ಸಲ ಥೂ ಅಂದ್ಕೊಂಡಿದ್ದೀನಿ.”

“ಅವರಪ್ಪ ಏನಂದ್ರು?”

“ಉಗುರು ಕತ್ತರಿಸ್ಕೊಂಡ್ರು.”

ಬೆನ್ನ ಹಿಂದಿನಿಂದ ಒಂದು ಸದ್ದು ಬಂತು. ಅಳುವೋ ನಗುವೋ ತಿಳಿಯಲಿಲ್ಲ. ನಗುವೇ. ಆರು ದಿನ ಉಪಯೋಗಿಸದೆ ತುಕ್ಕು ಹಿಡಿದ ನಗು. ಅದು ನಿಂತ ಮೇಲೆ ಹುಡುಗಿ ಮೂಗೆಳೆದುಕೊಂಡು, ಬೇರೆಯದೇ ದನಿಯಲ್ಲಿ, “ಮತ್ತೊಂದ್ಸಲ ಮಾಡೋಣ ಆಂಟಿ,” ಎಂದಳು.

“ಬೇಡ ಪುಟ್ಟ. ಇನ್ನು ನಾನು ಯಾರಮ್ಮನೂ ಆಗಲ್ಲ. ಸಂಯೋಜಕರೂ ಬೇಡ ಅಂದಿದ್ದಾರೆ.”

“ನಮ್ಮಮ್ಮ ಆಗ್ಬೇಡಿ. ನೀವೇ ಆಗಿ. ನಾನು ನಿಮ್ಮ ಮಗಳು. ನೀವು ಅವತ್ತು ಅಂದಿದ್ದನ್ನೇ ಅನ್ನಿ. ಒಳ್ಳೆ ಅಮ್ಮನ ಜೊತೆ ತಾಲೀಮು ಮಾಡಿ ನಂಗೇನು ಬಂತು? ಕಷ್ಟದ ಅಮ್ಮನಿಗೆ ಏನು ಹೇಳ್ಬೇಕು ಅಂತಾನೇ ಗೊತ್ತಾಗ್ಲಿಲ್ಲ.”

ತಾನಾಗಿಯೇ ಮಾತಾಡಬೇಕು ಎಂದಿದ್ದಳು ಸಂಯೋಜಕಿ. ಅದು ಇಷ್ಟು ದುಬಾರಿಯೆಂದು ಅವಳಿಗೂ ತಿಳಿದಿರಲಿಲ್ಲ. ನಲ್ಮೆಯ ಮಾತನ್ನು ನೂರು ಸಲ ತಾಲೀಮು ಮಾಡಿದವಳು ಆ ಇನ್ನೊಂದು ಮಾತನ್ನು ಅವತ್ತಿನಿಂದ ಒಮ್ಮೆಯೂ ಗಟ್ಟಿಯಾಗಿ ಉಚ್ಚರಿಸಿರಲಿಲ್ಲ. ಹಾಗಂದೆ ಎಂದು ಹೇಳುವುದು ಬೇರೆ, ಆ ಮಾತನ್ನೇ ಆಡುವುದು ಬೇರೆ.

“ಹಲೋ,” ಎಂದಳು ಹುಡುಗಿ. “ಅಮ್ಮ, ನಾನು ಕಾಲೇಜು ಬಿಟ್ಟೆ.”

ಗೋಡೆಯಾಚೆ ಅಂಚೆಯಣ್ಣನ ತಾಲೀಮಿನ ಮನೆಯಲ್ಲಿ ಯಾರಿಗೋ ಬಾಗಿಲು ಮುಚ್ಚಿತು.

“ನಿಮ್ಮಪ್ಪನಿಗೆ,” ಎಂದಳು ಆಕೆ. “ನಿಮ್ಮಪ್ಪನಿಗೆ ಏನಂತ ಹೇಳಲಿ?”

ಆಕೆಗೆ ತನ್ನ ಮಾತು ಕೋಣೆಯಲ್ಲಿ ಉಳಿದುಕೊಂಡು ಕೇಳಿಸಿತು. ಅದರಲ್ಲಿ ಸಿಟ್ಟಿರಲಿಲ್ಲ ಎಂಬುದು ಈಗ ಗೊತ್ತಾಯಿತು. ಕತ್ತಲೆಯಲ್ಲಿ ಮೆಟ್ಟಿಲು ತಪ್ಪಿದವರು ಕೂಗುವ ಹಾಗಿತ್ತು ಅದು. ಮಗಳಿಗೂ ಹಾಗೆ ಕೇಳಿಸಿರಬಹುದೇ? ಇಲ್ಲ, ಅವಳಿಗೆ ಕುಕ್ಕರಿನ ಸೀಟಿ ಕೇಳಿಸಿರುತ್ತದೆ.

“ಅಪ್ಪನ್ನ ಬಿಡು,” ಎಂದಳು ಹುಡುಗಿ ನಿಧಾನವಾಗಿ, ಒಂದೊಂದೇ ಪದವನ್ನು ಮುಟ್ಟಿ ನೋಡುತ್ತಾ. “ಅಪ್ಪನಿಗೆ ನಾನೇ ಹೇಳ್ತೀನಿ. ನಿಂಗೇನನ್ಸುತ್ತೆ ಅಮ್ಮ?”

ಯಾರೂ ಕೇಳಿರಲಿಲ್ಲ. ಆಕೆಯೂ ತನ್ನನ್ನು ಕೇಳಿಕೊಂಡಿರಲಿಲ್ಲ. ಕೇಳಿಕೊಂಡದ್ದೆಲ್ಲ ಯಾಕೆ ಹಾಗಂದೆ ಎಂದು. ಕೈ ತೊಡೆಯ ಮೇಲೆ ತಾನಾಗಿ ಸೆರಗು ಹುಡುಕಿತು. ಈ ದೇಶದ ಚಳಿಗೆ ಸೀರೆ ಬಿಟ್ಟು ಇಪ್ಪತ್ತು ವರ್ಷವಾಗಿತ್ತು.

“ಹೆದರಿಕೆ ಆಗ್ತಿದೆ ಕಣೆ,” ಎಂದಳು. “ನೀನು ಕೈ ತಪ್ಪಿ ಹೋಗ್ತೀಯೇನೋ ಅಂತ. ನಿಂಗೆ ಏನು ಆಗ್ತಿದೆ ಅಂತ ನಂಗೆ ತಿಳೀದೆ ಹೋಯ್ತಲ್ಲ ಅಂತ.”

“ನಂಗೂ ಹೆದರಿಕೆ,” ಎಂದಳು ಹುಡುಗಿ.

ಅಲ್ಲಿಗೆ ತಾಲೀಮು ಮುಗಿಯಿತೆಂದು ಆಕೆ ಏಳಹೋದಳು. ಕಣ್ಣು ಒರೆಸಿಕೊಳ್ಳಬೇಕಿತ್ತು. “ಏಳ್ಬೇಡಿ ಆಂಟಿ,” ಎಂದಳು ಹುಡುಗಿ. “ಹಾಗೇ ಕೂತಿರಿ. ತಿರುಗ್ಬೇಡಿ.” ಫೋನಿನ ಗುಂಡಿ ಒತ್ತುವ ಸದ್ದು. ಆಮೇಲೆ, ದೂರದಲ್ಲಿ, ಆ ಕಡೆಯ ಗಂಟೆ ಹೊಡೆಯತೊಡಗಿತು. ನಿಯಮದ ಪ್ರಕಾರ ಆಕೆ ಈಗ ಹೊರಗೆ ಹೋಗಬೇಕು. ಗಂಟೆ ಐದು ಸಲ ಹೊಡೆಯಿತು, ಆರು ಸಲ ಹೊಡೆಯಿತು. ಹುಡುಗಿ ಇಟ್ಟುಬಿಟ್ಟರೆ ಎಂದು ಆಕೆ ಉಸಿರು ಬಿಗಿಹಿಡಿದಳು. ಏಳನೆಯದರ ನಡುವೆ ಆ ಕಡೆಯ ತಾಯಿ ಎತ್ತಿಕೊಂಡರು. ದೂರದವರಿಗೆ ಗಟ್ಟಿಯಾಗಿ ಹೇಳಬೇಕೆಂದು ನಂಬಿದ ಹೆಂಗಸಿರಬೇಕು, ಮಾತು ಕೋಣೆಗೆಲ್ಲ ಕೇಳಿತು.

“ಯಾರು?”

“ನಾನಮ್ಮ.”

“ಹ್ಞೂಂ. ಊಟ ಆಯ್ತಾ?”

“ಇಲ್ಲ. ಆರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.”

ಆ ಕಡೆ ಏನೋ ಪಾತ್ರೆ ಕೆಳಗಿಟ್ಟ ಸದ್ದು. “ಬಾಗಿಲಲ್ಲಿ ಯಾರೋ ಬಂದ ಹಾಗಿದೆ,” ಎಂದರು ಆ ತಾಯಿ, ಆತುರಾತುರವಾಗಿ. “ಆಮೇಲೆ ಮಾತಾಡೋಣ, ಇಡಲಾ?”

ಬೆನ್ನ ಹಿಂದೆ ಹುಡುಗಿ ಉಸಿರು ಎಳೆದುಕೊಂಡದ್ದು ಆಕೆಗೆ ಕೇಳಿಸಿತು.

“ಯಾರು ಅಂತ ನೋಡ್ಕೊಂಡು ಬಾ ಅಮ್ಮ. ನಾನು ಇಡಲ್ಲ. ಕಾಯ್ತೀನಿ.”

ಫೋನನ್ನು ಯಾವುದೋ ಕಟ್ಟೆಯ ಮೇಲೆ ಇಟ್ಟ ಹಾಗೆ ಟಕ್ಕೆಂದಿತು. ಆಮೇಲೆ ಆ ಮನೆಯೇ ಈ ನೆಲಮಾಳಿಗೆಯೊಳಕ್ಕೆ ಬಂತು: ನಲ್ಲಿ ತೊಟ್ಟಿಕ್ಕುತ್ತಿತ್ತು, ಫ್ಯಾನು ಕಟಕಟ ತಿರುಗುತ್ತಿತ್ತು, ಪಕ್ಕದ ಮನೆಯವರು ಯಾರನ್ನೋ ಕೂಗುತ್ತಿದ್ದರು, ಯಾರೋ ಬಟ್ಟೆ ಒಗೆಯುತ್ತಿದ್ದರು. ಇಂಥ ಸದ್ದುಗಳ ನಡುವೆ ತಾನೂ ಹುಟ್ಟಿ ಬೆಳೆದದ್ದು ಎಂಬುದು ಆಕೆಗೆ ನೆನಪಾಯಿತು. ಆ ಮನೆಯಲ್ಲಿ ಬಾಗಿಲು ತೆರೆದ ಸದ್ದಾಗಲೀ ಬಂದವರ ಮಾತಾಗಲೀ ಕೇಳಿಸಲಿಲ್ಲ. ಯಾರೂ ಬಂದಿರಲಿಲ್ಲ. ಒಬ್ಬ ಹೆಂಗಸು ತನ್ನ ಅಡುಗೆಕೋಣೆಯಲ್ಲಿ ಫೋನಿನಿಂದ ಎರಡು ಹೆಜ್ಜೆ ದೂರ ನಿಂತಿದ್ದಳು, ಅಷ್ಟೇ. ಅವಳು ಎಲ್ಲಿ ನಿಂತಿದ್ದಾಳೆ, ಕೈಗಳನ್ನು ಏನು ಮಾಡಿಕೊಂಡಿದ್ದಾಳೆ ಎಂದು ಆಕೆಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಬಾರೇ, ಎಂದಳು ಮನಸ್ಸಿನಲ್ಲಿ. ಬಾರೇ ನನ್ನವ್ವ, ಇನ್ನೂ ಹಿಡಿದುಕೊಂಡಿದ್ದಾಳೆ. ಎಲ್ಲರೂ ಇಷ್ಟು ಹೊತ್ತು ಹಿಡಿದುಕೊಂಡಿರುವುದಿಲ್ಲ.

ಎಷ್ಟು ಹೊತ್ತಾಯಿತೋ. ಹುಡುಗಿ ಇಡಲಿಲ್ಲ.

ಕೊನೆಗೆ ಆ ಕಡೆ ಫೋನು ಎತ್ತಿಕೊಂಡ ಸದ್ದಾಯಿತು. ಈ ಸಲ ದನಿ ಕೂಗುತ್ತಿರಲಿಲ್ಲ. ಪಕ್ಕದಲ್ಲೇ ಮಲಗಿದವರನ್ನು ಕೇಳುವ ಹಾಗಿತ್ತು.

“ಇದ್ದೀಯೇನೇ?”

“ಇದ್ದೀನಿ,” ಎಂದಳು ಹುಡುಗಿ. “ಹೇಳು.”